ಎರಡು ಶಾಂತ ಬಡಾವಣೆಗಳ ನಡುವೆ ನಾವೂ ಇದ್ದೇವೆ

ಮಾನ್ಯ ನಗರ ಸಂಚಾರ ಯೋಜನಾಧಿಕಾರಿಗಳೇ,

ನೀವು ಎರಡು ಬಡಾವಣೆಗಳನ್ನು ಶಾಂತಗೊಳಿಸಿದಿರಿ. ಅವೆರಡರ ನಡುವೆ ಹಾದುಹೋಗುವ ನಮ್ಮ ರಸ್ತೆಯನ್ನು ದಾಟಲು ನನ್ನ ತಾಯಿಗೆ ಈಗ ಆಗುತ್ತಿಲ್ಲ. ನನ್ನ ದೂರು ಇಷ್ಟೇ. ಇದನ್ನು ನಿಮ್ಮ ಕಚೇರಿಗೆ ನಾಲ್ಕು ಸಲ ಬರೆದೆ, ಎರಡು ಸಲ ಬಂದು ಹೇಳಿದೆ. ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ಇದರಿಂದ ಏನಾದರೂ ಆದೀತೆಂಬ ನಂಬಿಕೆಯೇನೂ ನನಗಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ನಿಮ್ಮ ಯೋಜನೆಯ ವಿರೋಧಿಯಲ್ಲ. ಒಳರಸ್ತೆಗಳಿಗೆ ಉಬ್ಬು ಹಾಕಿ, ತಿರುವುಗಳನ್ನು ಕಿರಿದು ಮಾಡಿ, ಅಡ್ಡಹಾದಿ ಹಿಡಿದು ನುಗ್ಗುವ ವಾಹನಗಳನ್ನು ತಡೆದು, ಅಲ್ಲಿ ಬೆಂಚು, ಗಿಡ ಇಡುತ್ತೇವೆ ಎಂದು ನೀವು ಹೇಳಿದಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಅಲ್ಲೀಗ ಮಕ್ಕಳು ಬೀದಿಯಲ್ಲೇ ಸೈಕಲ್ ಕಲಿಯುತ್ತಿದ್ದಾರೆ, ಚೆನ್ನಾಗಿರಲಿ. ಆದರೆ ತಡೆದ ವಾಹನಗಳು ಆವಿಯಾಗಿ ಆಕಾಶಕ್ಕೆ ಹೋಗುತ್ತವೆಯೇ ಎಂದು ಕೇಳುವ ಬುದ್ಧಿ ಅಂದು ನನಗೆ ಬರಲಿಲ್ಲ. ನಾನು ಬಟ್ಟೆ ಹೊಲಿಯುವವಳು. ರಸ್ತೆ ಓದಿಕೊಂಡ ನಿಮಗಾದರೂ ಬರಬೇಡವೇ?

ನಮ್ಮ ಮನೆಯ ಮುಂಭಾಗದ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಎದುರು ಸಾಲಿನಲ್ಲಿ, ಚಪ್ಪಲಿ ರಿಪೇರಿಯವನ ಮೇಲಿನ ಮನೆಯಲ್ಲಿ ನನ್ನ ಚಿಕ್ಕಮ್ಮ ಇದ್ದಳು. ನಾನು ಹೊಲಿದ ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಾಕುತ್ತಿದ್ದವಳು ಅವಳೇ. ದಿನಾ ನಾಲ್ಕು ಗಂಟೆಗೆ ಅಮ್ಮ ಅಂಗಿಗಳನ್ನು ಚೀಲಕ್ಕೆ ತುಂಬಿಕೊಂಡು ರಸ್ತೆ ದಾಟುತ್ತಿದ್ದಳು. ತಂಗಿ ಗುಂಡಿ ಹಾಕುವಳು, ಅಕ್ಕ ಸೂಜಿಗೆ ದಾರ ಪೋಣಿಸಿ ಕೊಡುವಳು. ಜೊತೆಗೆ ಒಂದು ಸುತ್ತು ಜಗಳ. ಅವರ ತಾಯಿ ಬಿಟ್ಟುಹೋದ ಬಳೆ ಯಾರಿಗೆ ಸೇರಬೇಕಿತ್ತು ಎಂಬ ವ್ಯಾಜ್ಯ ಮೂವತ್ತೊಂದು ವರ್ಷ ನಡೆದರೂ ಇತ್ಯರ್ಥವಾಗಿರಲಿಲ್ಲ. ಇಬ್ಬರಿಗೂ ಅದು ಇತ್ಯರ್ಥವಾಗುವುದು ಬೇಕಿರಲಿಲ್ಲ.

ನಿಮ್ಮ ‘ಸಾರ್ವಜನಿಕ ಸಹಭಾಗಿತ್ವ ಸಭೆ’ಗೆ ಅಮ್ಮನನ್ನು ಎಳೆದುಕೊಂಡು ಹೋದದ್ದು ನಾನೇ. “ನನಗ್ಯಾಕೆ ಸಭೆ? ಓದಿದೋರು ಹೇಳ್ತಾರೆ ಬಿಡು” ಎಂದಳು. “ಓದಿದೋರು ಕಾರಲ್ಲಿ ಓಡಾಡ್ತಾರೆ. ನಡೆಯೋಳು ನೀನು, ನೀನೇ ಹೇಳ್ಬೇಕು” ಎಂದೆ. ಎಂಥ ದೊಡ್ಡ ಮಾತಾಡಿದೆ ನೋಡಿ.

ಸಭೆಯಲ್ಲಿ ಮೇಜಿನಗಲ ನಕ್ಷೆ ಹಾಸಿದ್ದಿರಿ. ದಾಟಲು ಭಯವಾಗುವ ಜಾಗದಲ್ಲಿ ಅಂಟಿಸಿ ಎಂದು ನಿಮ್ಮ ಕಿರಿಯ ಎಂಜಿನಿಯರು ಎಲ್ಲರಿಗೂ ಕೆಂಪು ಚೀಟಿ ಕೊಟ್ಟರು. ಅಮ್ಮ ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಹುಡುಕಿ, ನಮ್ಮ ಬಾಗಿಲಿನ ಮುಂದೆಯೇ ಅಂಟಿಸಿದಳು.

“ಅಮ್ಮಾ, ಇದು ಗಡಿ ಗೆರೆ ಮೇಲೆ ಬಂತಲ್ಲ. ಬಡಾವಣೆ ಒಳಗಡೆ ಎಲ್ಲಾದ್ರೂ ಅಂಟಿಸಿ” ಎಂದರು ಅವರು.

“ನಾನು ದಾಟೋದು ಇಲ್ಲೇ ಕಣಪ್ಪ. ಒಳಗಡೆ ನನಗೇನೂ ಕೆಲಸ ಇಲ್ಲ.”

ಅವರು ನಕ್ಕರು, ಚೀಟಿ ಕಿತ್ತರು. ಕೆಟ್ಟವರಲ್ಲ, ಅಮ್ಮನಿಗೆ ಟೀ ಕೂಡ ತಂದುಕೊಟ್ಟರು. ಮರುವಾರ ಎದುರು ಬಡಾವಣೆಯ ಸಭೆ ಬೇರೆಯಾಗಿ ನಡೆಯಿತು. ಅಲ್ಲಿ ಚಿಕ್ಕಮ್ಮ ಅಂಟಿಸಿದ ಚೀಟಿಗೂ ಅದೇ ಗತಿಯಾಯಿತು. ಆಮೇಲೆ ಬಂದ ವರದಿಯಲ್ಲಿ ಶೇಕಡಾ ತೊಂಬತ್ತಾರು ನಿವಾಸಿಗಳ ಸಹಮತವಿದೆ ಎಂದಿತ್ತು. ಬಾಗಿಲಲ್ಲಿ ಹಾಜರಿಗೆಂದು ಹಾಕಿಸಿಕೊಂಡ ನಮ್ಮ ಸಹಿ ಒಪ್ಪಿಗೆಯ ಪಟ್ಟಿಯಲ್ಲಿತ್ತು.

ಕೆಲಸ ಮುಗಿದೊಡನೆ ಎರಡೂ ಬಡಾವಣೆಗಳಿಂದ ಹೊರಹಾಕಿದ ಲಾರಿ, ಬಸ್ಸು, ಪಾರ್ಸೆಲ್ ಗಾಡಿಗಳೆಲ್ಲ ನಮ್ಮ ರಸ್ತೆಗೆ ಬಂದವು. ಇಪ್ಪತ್ತೆರಡು ಹೆಜ್ಜೆ ಅಗಲದ ರಸ್ತೆ ಅದು. ಮೂರನೇ ವಾರದಲ್ಲಿ ಒಂದು ಬೈಕಿನ ಕನ್ನಡಿ ಅಮ್ಮನ ಚೀಲಕ್ಕೆ ಸಿಕ್ಕಿಕೊಂಡಿತು. ಅಮ್ಮ ಬಿದ್ದಳು, ಮಣಿಕಟ್ಟು ಮುರಿಯಿತು, ಯಾರದೋ ಏಳು ಬಿಳಿ ಅಂಗಿಗಳ ಮೇಲೆ ಚಕ್ರಗಳು ಹರಿದವು. ಚಿಕ್ಕಮ್ಮ ಮೇಲಿನ ಕಿಟಕಿಯಿಂದ ನೋಡಿದ್ದಳು. ಮೆಟ್ಟಿಲಿಳಿದು ಬಂದರೂ ಅವಳಿಗೆ ಈಚೆ ದಾಟಲಾಗಲಿಲ್ಲ. ಆ ದಡದಲ್ಲೇ ನಿಂತು ಅಕ್ಕಾ, ಅಕ್ಕಾ ಎಂದು ಕೂಗುತ್ತಿದ್ದಳು. ಅಂದು ಸಂಜೆ ಫೋನ್ ಮಾಡಿದಳು: “ಅಕ್ಕಾ, ಇನ್ನು ನೀನು ಬರಬೇಡ. ನಾನೂ ಬರಲ್ಲ. ನಿನಗೇನಾದ್ರೂ ಆದ್ರೆ ನೋಡ್ತಾ ನಿಂತ್ಕೊಳ್ಳೋಕೆ ನನ್ನಿಂದಾಗಲ್ಲ.”

ನಿಮ್ಮ ಕಚೇರಿಗೆ ಬಂದೆ. ನಿಮ್ಮ ಗುಮಾಸ್ತರು ಕೇಳಿದರು, “ನಿಮ್ಮ ರಸ್ತೆ ಯಾವ ಬಡಾವಣೆಗೆ ಬರುತ್ತೆ?”

“ಎರಡರ ಮಧ್ಯೆ.”

“ಮಧ್ಯೆ ಅನ್ನೋದಕ್ಕೆ ಅರ್ಜೀಲಿ ಕಾಲಂ ಇಲ್ಲಮ್ಮ.”

ಈ ವಿಭಾಗದವರು ಆ ವಿಭಾಗ ತೋರಿಸಿದರು, ಅವರು ಇವರನ್ನು ತೋರಿಸಿದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಿಮ್ಮಲ್ಲಿ ಜಗಳವೂ ಇಲ್ಲ. ಇಬ್ಬರೂ ಒಮ್ಮತದಿಂದಲೇ ನಮ್ಮನ್ನು ಕೈಬಿಟ್ಟಿರಿ.

ಹೋದ ತಿಂಗಳು ಚಿಕ್ಕಮ್ಮ ಮನೆ ಖಾಲಿ ಮಾಡಿ ದೂರದ ಊರಿನಲ್ಲಿರುವ ಮಗಳ ಮನೆಗೆ ಹೊರಟಳು. ಸಾಮಾನಿನ ಗಾಡಿ ಎದುರಿಗೆ ನಿಂತಿತ್ತು. ಅಮ್ಮನ ಕೈ ಹಿಡಿದು ನಾನು ಈಚೆ ಅಂಚಿನಲ್ಲಿ ನಿಂತೆ. ಎರಡು ಸಲ ಕಾಲಿಟ್ಟೆವು, ಎರಡು ಸಲವೂ ಹಾರನ್ನಿಗೆ ಬೆದರಿ ಹಿಂದೆ ಸರಿದೆವು. ಅಷ್ಟರಲ್ಲಿ ಪೊಲೀಸಿನವರು ಇಲ್ಲಿ ಗಾಡಿ ನಿಲ್ಲಿಸುವಂತಿಲ್ಲ ಎಂದು ಸೀಟಿ ಊದಿದರು. ಗಾಡಿ ಹೊರಟಿತು. ಚಿಕ್ಕಮ್ಮ ಚಾಲಕನ ಪಕ್ಕದಿಂದ ಬಗ್ಗಿ ಕೈ ಎತ್ತಿದ್ದು ಕಂಡಿತು. ನಡುವೆ ಒಂದು ಬಸ್ಸು ಬಂತು. ಬಸ್ಸು ಹೋದಾಗ ಅವಳೂ ಇರಲಿಲ್ಲ.

ಅಮ್ಮ ಮನೆಯೊಳಗೆ ಬಂದು ಕೂತಳು. ಆಮೇಲೆ ಕೇಳಿದಳು: “ಆವತ್ತು ಸಭೇಲಿ ನಾನು ಏನಾದ್ರೂ ತಪ್ಪು ಹೇಳಿದ್ನಾ?”

ಇಲ್ಲಮ್ಮ ಎಂದೆ.

ಆದ್ದರಿಂದ ನನ್ನ ಬೇಡಿಕೆ. ನಮ್ಮ ರಸ್ತೆಯ ಎರಡೂ ಬದಿಯವರನ್ನು ಒಂದೇ ಸಭೆಗೆ ಕರೆಯಿರಿ, ಆ ಸಭೆಯನ್ನು ನಮ್ಮ ರಸ್ತೆಯಲ್ಲೇ ನಡೆಸಿ, ವಾಹನಗಳು ನಿಂತು ಜನ ದಾಟುವಂಥ ಒಂದು ಜಾಗವನ್ನು ಇಲ್ಲಿ ಮಾಡಿಕೊಡಿ. ಚಿಕ್ಕಮ್ಮ ಇನ್ನು ವಾಪಸು ಬರುವುದಿಲ್ಲ, ಅದು ನಮಗೂ ಗೊತ್ತು. ಇದಾವುದೂ ಆಗದಿದ್ದರೆ ಬಿಡುವು ಮಾಡಿಕೊಂಡು ಒಮ್ಮೆ ಮನೆಗೆ ಬನ್ನಿ. ನೀನೇನೂ ತಪ್ಪು ಹೇಳಲಿಲ್ಲ ತಾಯಿ ಎಂದು ಅಮ್ಮನಿಗೆ ನೀವೇ ಹೇಳಿ. ನಾನು ಹೇಳಿದರೆ ಅವಳು ನಂಬುತ್ತಿಲ್ಲ.

ಇಂತಿ,
ಉತ್ತರ ಬಾರದೆಂದು ತಿಳಿದೂ ವಿಳಾಸವನ್ನು ಪೂರ್ತಿಯಾಗಿ ಬರೆದಿರುವ,
ನಿಮ್ಮ ವ್ಯಾಪ್ತಿಗೆ ಬಾರದ ಒಬ್ಬಳು ದರ್ಜಿ