ಎರಡನೇ ಸಲದ ಅಳು

ಆಯಿ,

ಬದುಕಿದ್ದಾಗ ನಿನಗೆ ಓದಲು ಬರುತ್ತಿರಲಿಲ್ಲ. ಈಗ ಬರುತ್ತಿರಬಹುದು, ಅಲ್ಲಿ ಬೇರೆ ಕೆಲಸವಾದರೂ ಏನಿದೆ ನಿನಗೆ? ಇಲ್ಲಿದ್ದಾಗ ಸ್ವಲ್ಪ ಕೈ ಬಿಡುವಾದರೆ ಸಾಕು, ಕೂಲಿಯವರ ಈ ಬಸ್ತಿಯಲ್ಲಿ ಯಾರ ಮನೆಯ ಕೂಸನ್ನಾದರೂ ಎತ್ತಿಕೊಂಡು ಬಂದು ಎಣ್ಣೆ ತಿಕ್ಕುತ್ತಿದ್ದೆ. ನಾನು ರೇಣುಕಾ, ನಿನ್ನ ಮಗನ ಮಗಳು. ನೀನು ‘ಬಾಯಿಬಡಕಿ’ ಎನ್ನುತ್ತಿದ್ದೆಯಲ್ಲ, ಅವಳೇ. ನಿನಗಲ್ಲದೆ ಬೇರೆ ಯಾರಿಗೂ ಹೇಳಲಾಗದ ಒಂದು ಮಾತಿದೆ. ಅದು ತಿಳಿಯಬೇಕಾದರೆ ನೀನು ಹೋದ ಮೇಲೆ ಆದದ್ದನ್ನೆಲ್ಲ ಹೇಳಬೇಕು. ಸಮಾಧಾನದಿಂದ ಕೇಳು, ನಡುವೆ ಎದ್ದು ಹೋಗಬೇಡ.

ನನಗೆ ನೆನಪಿರುವ ಮೊದಲ ಸಾವಿನ ಮನೆ ನಮ್ಮ ಬಸ್ತಿಯ ಕೊನೆಯ ಓಣಿಯದು. ಅಪ್ಪ, ಅವ್ವ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರಿಂದ ನೀನು ಹೋದಲ್ಲೆಲ್ಲ ನಾನು ನಿನ್ನ ಸೆರಗು ಹಿಡಿದು ಹಿಂದೆ. ಯಾದಗಿರಿ, ರಾಯಚೂರು ಕಡೆಯಿಂದ ಈ ತೆಲುಗು ಶಹರಕ್ಕೆ ದುಡಿಯಲು ಬಂದವರೇ ತುಂಬಿದ ಬಸ್ತಿಯಲ್ಲಿ ಯಾರು ಸತ್ತರೂ ನಿನಗೆ ಕರೆ ಬರುತ್ತಿತ್ತು, ಹಾಡ್ಯಾಡಿ ಅಳಲು. ಸತ್ತವರ ಗುಣ, ಕಷ್ಟ, ಸಿಟ್ಟು ಎಲ್ಲವನ್ನೂ ಹಾಡಿನಂತೆ ಹೇಳಿಕೊಂಡು ಅಳುವುದು ನಿನ್ನಷ್ಟು ಚೆನ್ನಾಗಿ ಯಾರಿಗೂ ಬರುತ್ತಿರಲಿಲ್ಲ. ಅವತ್ತು ನೀನು ನೇರವಾಗಿ ಒಳಗೆ ಹೋಗಲಿಲ್ಲ. ಆ ಮನೆಯ ಸೊಸೆಯನ್ನು ಪಕ್ಕಕ್ಕೆ ಕರೆದು, “ಆತಗ ಊಟದಾಗ ಏನ್ ಸೇರ್ತಿತ್ತವ್ವಾ? ಯಾರ ಮ್ಯಾಲ ಭಾಳ ಜೀವ ಇತ್ತು? ಯಾರ ಕೂಡ ಮಾತು ಬಿಟ್ಟಿದ್ದ?” ಎಂದು ಮೆಲ್ಲಗೆ ವಿಚಾರಿಸಿದೆ. ಆಮೇಲೆ ಹೋಗಿ ಹೆಣದ ತಲೆಯ ಹತ್ತಿರ ಕೂತು ಬಾಯಿ ತೆರೆದೆಯಲ್ಲ... ಸತ್ತವನ ಕೂಡ ಮಾತು ಬಿಟ್ಟಿದ್ದ ಅವನ ತಮ್ಮ ಮೂಲೆಯಲ್ಲಿ ನಿಂತಿದ್ದ. ಅವನು ಗೋಡೆಗೆ ಹಣೆ ಹಚ್ಚಿ ಅಳತೊಡಗಿದ.

ಅವತ್ತು ಮನೆಗೆ ಬಂದು, ತಲೆಗೆ ನೀರು ಹಾಕಿಕೊಂಡು, ಚಹಾ ಕಾಸಿ ಕೂತೆ. ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. ಅಷ್ಟು ಅತ್ತವಳ ಮುಖದಲ್ಲಿ ಏನೂ ಉಳಿದಿರಲಿಲ್ಲ. “ಆಯಿ, ಆತನ್ನ ನೀ ಒಮ್ಮೆನೂ ನೋಡೇ ಇಲ್ಲಲಾ. ಖರೇನೇ ಅತ್ತಿಯೇನು?” ಎಂದು ಕೇಳಿದೆ. ನೀನು ಬಸಿತಟ್ಟೆಗೆ ಚಹಾ ಸುರಿದು ನನ್ನ ಮುಂದೆ ಸರಿಸಿ, “ಆರ್ತೈತಿ, ಕುಡಿ” ಎಂದೆ, ಅಷ್ಟೇ. ಆಮೇಲೆ ನಾನೂ ಕೇಳಲಿಲ್ಲ, ನೀನೂ ಹೇಳಲಿಲ್ಲ.

ದವಾಖಾನೆಯಲ್ಲಿ ನೀನು ತೀರಿಕೊಂಡು, ನಿನ್ನನ್ನು ಅಲ್ಲಿಂದಲೇ ಗಾಡಿಯಲ್ಲಿ ಹಾಕಿಕೊಂಡು ನೇರವಾಗಿ ಊರಿಗೆ ಒಯ್ದ ದಿನ ನಾನು ಪಕ್ಕದ ಮನೆಯ ಮಹಾದೇವಕ್ಕನಲ್ಲಿ ಕೂತು ಲೆಕ್ಕ ಮಾಡುತ್ತಿದ್ದೆ. ಮರುದಿನ ಹತ್ತನೇ ತರಗತಿಯ ಗಣಿತ ಪರೀಕ್ಷೆ. ಅಪ್ಪ ಫೋನಿನಲ್ಲಿ, “ನೀ ಬರಬ್ಯಾಡ. ಪರೀಕ್ಷಾ ಬರಿ. ಆಯಿಗೂ ಅದೇ ಬೇಕಾಗಿತ್ತು” ಎಂದ. ನಿನಗೆ ಏನು ಬೇಕಾಗಿತ್ತೋ ಯಾರು ಕೇಳಿದ್ದರು? ಮಹಾದೇವಕ್ಕ ಅನ್ನ ಕಲಸಿ ಬಾಯಿಗಿಟ್ಟಳು, ನಾನು ತಿಂದೆ. ಪರೀಕ್ಷೆ ಬರೆದೆ, ಪಾಸೂ ಆದೆ. ಅಳು ಮಾತ್ರ ಬರಲಿಲ್ಲ. ಎಲ್ಲಿಯೋ ಸಿಕ್ಕಿಕೊಂಡಿತ್ತು.

ಊರಿನಿಂದ ಬಂದ ಅವ್ವನನ್ನು ನಾನು ಮೊದಲು ಕೇಳಿದ್ದೇ, ಯಾರು ಹಾಡ್ಯಾಡಿ ಅತ್ತರು ಎಂದು. ಅವ್ವ ಗಂಟು ಬಿಚ್ಚುತ್ತ, “ಅಂಥಾ ಅಳೋರು ಈಗ ಊರಾಗ ಯಾರದಾರವ್ವಾ? ಹರೇದ ಹುಡುಗ್ರು ಮೊಬೈಲಿನಾಗ ಭಜನಿ ಹಚ್ಚಿ ಮೈಕಿಗಿ ಹಿಡದ್ರು. ಮಣ್ಣಾಗೋತನ ಅದೇ ತಿರುಗಿ ತಿರುಗಿ ಬಡ್ಕೊಂತು” ಎಂದಳು. ಬಸ್ತಿಯ ಎಷ್ಟು ಮನೆಯ ಸತ್ತವರನ್ನು ನೀನು ಹಾಡಿ ಕಳಿಸಿದ್ದೆ ಆಯಿ, ನಿನ್ನ ತಲೆಯ ಹತ್ತಿರ ಒಬ್ಬಳೂ ಕೂರಲಿಲ್ಲ. ಇದನ್ನು ನಿನಗೆ ಹೇಳಬಾರದಿತ್ತೇನೋ. ನೀನು ಅಲ್ಲೇ ಮಲಗಿದ್ದೆ, ಕೇಳಿಯೇ ಇರುತ್ತೀ.

ಬೇಸಿಗೆಯ ಒಂದು ಸಂಜೆ ಅಪ್ಪ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದಾಗ ಕಾಲೇಜಿನ ಮಾತು ತೆಗೆದೆ. ನಾರಾಯಣಗೂಡದ ಕಡೆ ಒಂದು ಕಾಲೇಜು ಇದೆ, ಹತ್ತನೆಯದರ ಮೇಲಿನ ಎರಡು ವರ್ಷದ ಇಂಟರ್ ಓದುವವರಿಗೆ ಪಾಠದ ಜೊತೆಗೆ ನಾಟಕ, ಹಾಡು, ಕುಣಿತ ಎಲ್ಲ ಕಲಿಸುತ್ತಾರೆ. ಪರೀಕ್ಷೆ ಮಾಡಿ ಆರಿಸಿದ ಕೆಲವರಿಗೆ ಫೀಸಿಲ್ಲ. ನಮ್ಮ ಶಾಲೆಯ ಟೀಚರೇ ಹೇಳಿದ್ದು, ನಾನು ಹುಟ್ಟಿಸಿದ್ದಲ್ಲ. ಅಪ್ಪ ತಲೆ ಎತ್ತದೆಯೇ, “ನಾಟಕ ಕಲ್ತು ಏನ್ ಮಾಡ್ತಿ? ನಮ್ಮ ಬಾಳೇ ಒಂದು ನಾಟಕ ಆಗೇತಿ, ಸಾಲದಾಗೇತೇನು?” ಎಂದ. ನಿನ್ನ ಮಗ ಗೌಂಡಿ ತಾನೇ, ಒಂದು ಕಲ್ಲಿಟ್ಟ ಮೇಲೆ ಅಲುಗಿಸುವುದು ಕಷ್ಟ. ನಾನು ಊಟ ಬಿಟ್ಟೆ. ಅವ್ವ ನಡುವೆ ಬಂದಳು. ಕೊನೆಗೆ ಅಪ್ಪ, “ಫುಕಟ್ ಸೀಟು ಸಿಕ್ರ ಹೋಗು. ಸಿಗಲಿಲ್ಲಾಂದ್ರ ನರ್ಸಿಂಗ್. ಆಮ್ಯಾಲ ಅಳಬ್ಯಾಡ” ಎಂದು ಎದ್ದ. ಕೆಟ್ಟ ಮಾತಲ್ಲ ಅದು, ಅಪ್ಪನ ಲೆಕ್ಕಕ್ಕೆ ದೊಡ್ಡ ಮನಸ್ಸೇ. ಆದರೆ ಸೂಜಿ ಹಿಡಿದು ಜನರ ನೋವು ನೋಡುತ್ತ ಬದುಕುವುದು ನನ್ನಿಂದ ಆಗದು ಎಂದು ನನಗೆ ಗೊತ್ತಿತ್ತು.

ಕಾಲೇಜಿನ ಮೇಡಂ ಒಬ್ಬರು ಫೋನಿನಲ್ಲಿ ಹೇಳಿದ್ದು ಇಷ್ಟೇ: ಯಾವ ಭಾಷೆಯಾದರೂ ಸರಿ, ಒಂದು ತುಣುಕು ಮಾಡಿ ತೋರಿಸಬೇಕು, ಸಿನಿಮಾದ್ದು ಮಾತ್ರ ಬೇಡ, ನಿನಗೆ ಬರುವಂಥದ್ದು ತಾ. ನನಗೆ ಬರುವಂಥದ್ದು ಏನಿತ್ತು? ನನ್ನ ಜೊತೆಯ ಹುಡುಗಿಯರು ಕೂಚಿಪೂಡಿ ಕಲಿತಿದ್ದರು, ಒಬ್ಬಳು ವೀಣೆ ಬಾರಿಸುತ್ತಿದ್ದಳು. ನಾನು ನಿನ್ನ ಸೆರಗಿನ ಹಿಂದೆ ಕೂತು ಕಲಿತದ್ದು ಒಂದೇ. ಯಾರ ಹೆಸರು ಹಿಡಿದು ಅಳಲಿ ಎಂದು ಯೋಚಿಸಿ, ಶಾಂತವ್ವ ಎಂದು ಒಬ್ಬಳನ್ನು ಕಟ್ಟಿಕೊಂಡೆ. ಅವಳಿಗೆ ಒಂದು ಆಡು ಕೊಟ್ಟೆ, ಕುಡುಕ ಗಂಡನನ್ನು ಕೊಟ್ಟೆ, ಹುಳಿ ಮಾವಿನಕಾಯಿಯ ಆಸೆ ಕೊಟ್ಟೆ. ನೀನು ಬಾಗಿಲಲ್ಲಿ ನಿಂತು ವಿಚಾರಿಸುತ್ತಿದ್ದೆಯಲ್ಲ, ಅದನ್ನೆಲ್ಲ ನನ್ನನ್ನೇ ನಾನು ಕೇಳಿಕೊಂಡು ಹೇಳಿಕೊಂಡೆ.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಬಾಗಿಲು ಮುಂದೆ ಮಾಡಿ, ನೆಲಕ್ಕೆ ಕೂತು, ಕೂದಲು ಬಿಚ್ಚಿ ಶುರು ಮಾಡಿದೆ. ನಗಬೇಡ ಆಯಿ. ಎರಡನೇ ಸಾಲು ಮುಗಿಯುವಷ್ಟರಲ್ಲಿ ಮಹಾದೇವಕ್ಕ ಬಾಗಿಲು ನೂಕಿಕೊಂಡು ಒಳಗೆ ಬಿದ್ದಳು. ಅವಳ ಹಿಂದೆ ಓಣಿಯ ಹೆಂಗಸರು, ಒಬ್ಬಳ ಕೈಯಲ್ಲಿ ತೊಳೆಯುತ್ತಿದ್ದ ಪಾತ್ರೆ ಹಾಗೇ ಇತ್ತು. “ಯಾರಬೇ? ನಿಮ್ಮಪ್ಪೇನು? ಕಟ್ಟಡದ ಮ್ಯಾಲಿಂದ ಬಿದ್ದನೇನು?” ನಾನು ಬಾಯಿ ತೆರೆದುಕೊಂಡೇ ಕೂತಿದ್ದೆ. ಹೊರಗೆ ಯಾರೋ ಆಗಲೇ ಅಪ್ಪನ ಸಂಗಡ ಕೆಲಸ ಮಾಡುವವರಿಗೆ ಫೋನು ಹಚ್ಚಿದ್ದರು. ಯಾರೂ ಸತ್ತಿಲ್ಲ, ಕಾಲೇಜಿನ ಪರೀಕ್ಷೆಗೆ ಕಲಿಯುತ್ತಿದ್ದೇನೆ ಎಂದಾಗ ಮಹಾದೇವಕ್ಕ ನನ್ನ ತಲೆಗೆ ಒಂದು ಕೊಟ್ಟಳು. “ಸಾವಿಲ್ಲದ ಮನ್ಯಾಗ ಹಾಡ್ಯಾಡಿ ಅಳತಾರೇನ? ಸಾವಿಗಿ ದಾರಿ ತೋರಿಸಿ ಕರದಂಗಲ್ಲೇನು?” ಎಂದವಳೇ ಮನೆಯ ಮೂಲೆಮೂಲೆಗೆ ನೀರು ಚಿಮುಕಿಸಿದಳು.

ಅಪ್ಪ ಓಡಿ ಬಂದಾಗ ಅವನ ಕೈಗೆ ಹಸಿ ಸಿಮೆಂಟು ಹಾಗೇ ಅಂಟಿತ್ತು. ಎಲ್ಲರೂ ಬದುಕಿದ್ದಾರೆ ಎಂದು ತಿಳಿದ ಮೇಲೂ ಅವನ ಉಸಿರು ಇಳಿಯಲಿಲ್ಲ. “ಯಾರ ಹೆಸರು ಹಿಡಿದು ಅಳಾಕತ್ತಿದ್ದಿ?” ಎಂದು ಕೇಳಿದ. ಶಾಂತವ್ವ ಎಂದೆ. “ಯಾವ ಶಾಂತವ್ವ?” ಯಾರೂ ಇಲ್ಲ, ಸುಮ್ಮನೆ ಕಟ್ಟಿದ್ದು ಎಂದೆ. ಅಪ್ಪ ನನ್ನನ್ನು ನೋಡಿದ ರೀತಿ, ಆಯಿ... “ಇಲ್ಲದಾಕಿಗಿ ಓಣಿ ಕೂಡೂವಂಗ ಅಳತಿ. ನಮ್ಮವ್ವಗ ಒಂದು ಹನಿ ಬರಲಿಲ್ಲ ನಿನಗ” ಎಂದ. ಅಷ್ಟು ಹೇಳಿ ಕೆಲಸಕ್ಕೆ ತಿರುಗಿ ಹೋದ. ಬೈದಿದ್ದರೆ ನಾನೂ ತಿರುಗಿ ಮಾತಾಡುತ್ತಿದ್ದೆ. ಆಮೇಲೆ ಬಹಳ ದಿನ ನಾವಿಬ್ಬರೂ ಒಂದೇ ತಾಟಿನ ಎದುರು ಕೂತರೂ ಮಾತಾಡಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಪ್ಪ “ಚಪ್ಪಲಿ ಮೆಟ್ಕೊ” ಎಂದ. ಎಲ್ಲಿಗೆ ಎಂದು ಹೇಳಲಿಲ್ಲ. ಬಸ್ಸಿಳಿದು ಅವನು ಕಟ್ಟುತ್ತಿದ್ದ ಮನೆಗೆ ಹೋದೆವು. ಗೋಡೆ ಎದ್ದಿತ್ತು, ಸ್ಲ್ಯಾಬು ಬಿದ್ದಿತ್ತು, ಕೆಲಸದವರು ಯಾರೂ ಇರಲಿಲ್ಲ. “ಇಲ್ಲಿ ಕಲಿ. ಯಾರೂ ಬರಂಗಿಲ್ಲ” ಎಂದ. ನಾನು ಹೆದರಿದೆ. ಬೇರೆಯವರ ಹೊಸ ಮನೆಯಲ್ಲಿ ಹಾಡ್ಯಾಡಿ ಅತ್ತರೆ ಪಾಪ ಸುತ್ತಿಕೊಳ್ಳುವುದಿಲ್ಲವೇ? ಅಪ್ಪ ಬಾಗಿಲಿನ ಜಾಗ ತೋರಿಸಿದ. ಅಲ್ಲಿ ಬರೀ ಕಂಡಿ ಇತ್ತು. “ಇನ್ನಾ ಬಾಗಿಲಾ ಕೂಡ್ಸಿಲ್ಲ. ಬಾಗಿಲಾ ಕೂಡ್ಸೋತನ ಇದು ಮನಿ ಅಲ್ಲ, ಬರೇ ಇಟ್ಟಂಗಿ” ಎಂದು ಹೇಳಿ, ಕೆಳಗೆ ಮರಳಿನ ರಾಶಿಯ ಮೇಲೆ ಬೆನ್ನು ತಿರುಗಿಸಿ ಕೂತ. ನಾನು ಶಾಂತವ್ವನ ಹಾಡನ್ನು ಅತ್ತು ಅತ್ತು ಬಾಯಿಪಾಠ ಮಾಡಿದೆ. ನಿನ್ನ ಹೆಸರು ಹಿಡಿಯಲು ಧೈರ್ಯ ಬರಲಿಲ್ಲ.

ಪರೀಕ್ಷೆಯ ದಿನ ಅವ್ವ ಸುಲ್ತಾನ್ ಬಜಾರಿನಿಂದ ತಂದ ಕಂದು ಚೂಡಿದಾರ ಹಾಕಿಕೊಂಡು ಹೋದೆ. ಅಪ್ಪ ಕೂಲಿ ಬಿಟ್ಟು ಬಂದು ಗೇಟಿನ ಹೊರಗೆ ನಿಂತಿದ್ದ. ಒಳಗೆ ದೊಡ್ಡ ಕೋಣೆ, ಮೂವರು ಕೂತಿದ್ದರು. ನಡುವಿನ ಹಿರಿಯ ಮೇಡಂ ತೆಲುಗಿನಲ್ಲಿ ಹೆಸರು ಕೇಳಿದರು, ಹೆದರಬೇಡಮ್ಮ ಎಂದರು. ಒಳ್ಳೆಯವರು. ಕನ್ನಡ ಅವರಿಗೆ ಬರುತ್ತಿರಲಿಲ್ಲ, ಆದರೆ ಸಾವಿನ ಮನೆಯ ಹಾಡು ಎಂದ ಕೂಡಲೇ ಮೂವರೂ ಪೆನ್ನು ಕೆಳಗಿಟ್ಟು ನೆಟ್ಟಗೆ ಕೂತರು. ನಾನು ನೆಲಕ್ಕೆ ಕೂತು, ಶಾಂತವ್ವ ಎನ್ನಬೇಕೆಂದು ಬಾಯಿ ತೆರೆದೆ.

ಬಂದದ್ದು ನೀನು.

“ಏಳ ನನ್ನಾಯಿ, ಹೊತ್ತೇರಿತು ಏಳ... ಹಲ್ಲಿಲ್ಲದ ಬಾಯಾಗ ಕಡಕ್ ರೊಟ್ಟಿ ಬೇಡಿದಾಕಿ ಏಳ... ನಾಂಪಲ್ಲಿ ಟೇಶನ್ನಿನ ಗದ್ದಲದಾಗ ನನ್ನ ಕೈ ಬಿಡದಾಕಿ, ಈಗ ಹ್ಯಾಂಗ ಬಿಟ್ಟೆ... ಊರಿಗೆಲ್ಲ ಅತ್ತಾಕಿ, ನಿನಗ ಅಳೋರಿಲ್ಲದಂಗ ಹ್ಯಾಂಗ ಹೋದೆ...” ಮುಂದೆ ಏನು ಹಾಡಿದೆನೋ ಗೊತ್ತಿಲ್ಲ. ಮುಖ ನೆಲಕ್ಕೆ ಹತ್ತಿತ್ತು, ಕೂದಲೆಲ್ಲ ಬಾಯಲ್ಲಿತ್ತು. ಇಷ್ಟು ದಿನ ಎಲ್ಲಿಯೋ ಸಿಕ್ಕಿಕೊಂಡದ್ದು ಒಮ್ಮೆಲೇ ಬಂತು. ಅಷ್ಟು ಜೋರಾಗಿ ನೋವಾಗುತ್ತದೆ ಎಂದು ನೀನು ನನಗೆ ಯಾಕೆ ಹೇಳಿರಲಿಲ್ಲ?

ಆ ಮೇಡಂ ತಾವೇ ಎದ್ದು ಬಂದು ನೀರು ಕುಡಿಸಿದರು, ಬೆನ್ನು ಸವರಿದರು. ನಾನು ಮುಗಿಯಿತು ಎಂದುಕೊಂಡೆ. ಅವರು ತಮ್ಮ ಕುರ್ಚಿಗೆ ಹೋಗಿ ಕೂತು, ಮೆತ್ತಗೆ ತೆಲುಗಿನಲ್ಲಿ ಹೇಳಿದರು, ನಿನ್ನ ದುಃಖ ನಿಜ ಅಂತ ಗೊತ್ತಾಯಿತು ತಾಯಿ, ಆದರೆ ನಿನ್ನ ಮುಖ ನಮಗೆ ಕಾಣಲಿಲ್ಲ, ಅರ್ಧ ಮಾತು ಕೇಳಿಸಲಿಲ್ಲ, ಕೊನೆಯ ಸಾಲಿನಲ್ಲಿ ಕೂತವರಿಗೂ ಮುಟ್ಟಬೇಕಲ್ಲ, ಇನ್ನೊಮ್ಮೆ ಮಾಡು, ಮೊದಲಿನಿಂದ. ಅವರದೇನೂ ತಪ್ಪಿಲ್ಲ. ಕಲಿಸುವವರು ಕೇಳಬೇಕಾದದ್ದನ್ನೇ ಕೇಳಿದರು. ಸತ್ತವರಿಗಾಗಿ ಎರಡು ಸಲ ಹೇಗೆ ಅಳುವುದು ಎಂದು ಕೇಳಬೇಕೆನಿಸಿತು. ಕೇಳಿದ್ದರೆ ಎದ್ದು ಹೊರಗೆ ಬರಬೇಕಿತ್ತು. ಹೊರಗೆ ಅಪ್ಪ ಇದ್ದ, ನರ್ಸಿಂಗ್ ಇತ್ತು.

ನಾನು ಕೂದಲು ಹಿಂದೆ ಸರಿಸಿ ಕಟ್ಟಿಕೊಂಡೆ, ಆಯಿ. ಅವರ ಕಡೆ ಮುಖ ಮಾಡಿ ಕೂತೆ. ಮತ್ತೆ ನಿನ್ನನ್ನೇ ಎಬ್ಬಿಸಿದೆ. ಈ ಸಲ ಎಲ್ಲಿ ಉಸಿರು ಎಳೆಯಬೇಕು, ಎಲ್ಲಿ ದನಿ ಇಳಿಸಬೇಕು, ಎಲ್ಲಿ ಕೈ ಎತ್ತಬೇಕು ಎಲ್ಲ ನನಗೆ ಗೊತ್ತಿತ್ತು. ಕಡಕ್ ರೊಟ್ಟಿ ಎಂದಾಗ ಆ ಮೇಡಂ ಕಡೆ ನೋಡಿದೆ, ಕಣ್ಣಲ್ಲಿ ನೀರು ನಾನು ಅಂದುಕೊಂಡ ಜಾಗದಲ್ಲೇ ಬಂತು. ನೀನು ಅಲ್ಲಿರಲಿಲ್ಲ. ನಾನು ಎಲ್ಲೋ ಸ್ವಲ್ಪ ಮೇಲೆ ನಿಂತು ಅಳುವ ಹುಡುಗಿಯನ್ನು ನೋಡುತ್ತಿದ್ದೆ. ಮುಗಿದಾಗ ಪಕ್ಕದಲ್ಲಿದ್ದ ಸಾರ್ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನಗೆ ಆಗ ಏನನ್ನಿಸಿತು ಗೊತ್ತೇ? ಖುಷಿ. ಆಮೇಲೆ ಬಾಗಿಲಿನ ತನಕ ನಡೆಯುವಷ್ಟರಲ್ಲಿ ಆ ಖುಷಿಗೇ ನಾಚಿಕೆಯಾಯಿತು.

ನಿನಗೂ ಹಾಗೇ ಆಗುತ್ತಿತ್ತೇ? ಆ ಮನೆಗಳಲ್ಲಿ, ಗೊತ್ತಿಲ್ಲದವರ ತಲೆಯ ಹತ್ತಿರ ಕೂತಾಗ, ನೀನೂ ಮೇಲಿನಿಂದ ನೋಡುತ್ತಿದ್ದೆಯಾ? ಅಥವಾ ಪ್ರತಿ ಸಲವೂ ನಿಜವಾಗಿ... ಇದನ್ನು ಈಗ ಯಾರನ್ನು ಕೇಳಲಿ ಹೇಳು. ಇನ್ನೆರಡು ವರ್ಷ ಆ ಕೋಣೆಯಲ್ಲಿ ‘ಇನ್ನೊಮ್ಮೆ’ ಎನ್ನುತ್ತಲೇ ಇರುತ್ತಾರೆ. ಹೌದು, ಸೀಟು ಸಿಕ್ಕಿದೆ, ಫೀಸಿಲ್ಲ. ಕಾಲೇಜು ಸೋಮವಾರ ಶುರು. ಅಪ್ಪ ಸುದ್ದಿ ಕೇಳಿ ಓಣಿಗೆಲ್ಲ ಹೇಳಿಕೊಂಡು ಬಂದ. ಮಹಾದೇವಕ್ಕ ಸಕ್ಕರೆ ಬಾಯಿಗೆ ಹಾಕಿ, “ಇನ್ನ ಮನ್ಯಾಗ ಮಾತ್ರ ಕಲೀಬ್ಯಾಡ ಮಾರಾಯ್ತಿ” ಎಂದು ನಕ್ಕಳು. ಎಲ್ಲರೂ ಹೋದ ಮೇಲೆ ಅಪ್ಪ, “ಯಾರ ಹೆಸರು ಹಿಡದಿ?” ಎಂದು ಕೇಳಿದ. ಆಯಿದು ಎಂದೆ. ಅವನು ಮುಖ ಆ ಕಡೆ ತಿರುಗಿಸಿಕೊಂಡು, “ಹಂಗಾರ ನಮ್ಮವ್ವಗ ಅಳೋರಿಲ್ಲ ಅನ್ನೋದು ಹೋತು” ಎಂದ. ಅಪ್ಪ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಅವನಿಗೆ ನಾನು ಒಂದು ಸಲ ಅತ್ತದ್ದು ಗೊತ್ತು, ಅಷ್ಟೇ ಗೊತ್ತಿರಲಿ. ನಿನಗೆ ಸುಳ್ಳು ಹೇಳಲಾರೆ. ನಿನಗಾಗಿ ಅತ್ತದ್ದು ಮೊದಲನೇ ಸಲ. ಅದು ಅವರಿಗೆ ಕಾಣಲಿಲ್ಲ. ಎರಡನೆಯದೇ ಚೆನ್ನಾಗಿತ್ತು ಆಯಿ, ಸೀಟು ಕೊಟ್ಟದ್ದು ಅದಕ್ಕೆ.

ನಿನ್ನ
ರೇಣುಕಾ