ಹಿರಿಯೂರಿನಲ್ಲಿ ಬಿಚ್ಚದೇ ಉಳಿದ ಪೆಟ್ಟಿಗೆ ಮತ್ತು ಹಿರೇಗುಂಟನೂರಿನ ದಾಖಲಾತಿ ವಹಿ

ಹಳೆಯ ಶಾಲಾ ದಾಖಲೆಗಳ ಗಣಕೀಕರಣ ಘಟಕದ ಮುಖ್ಯಸ್ಥರಿಗೆ,
ಚಿತ್ರದುರ್ಗ

ಮಾನ್ಯರೇ,

ಶಾಲೆಯ ವಹಿ ಮೂರು ಕಡೆ ಇದೆ ಎಂದು ನನ್ನ ಬಾಯಿಂದ ಹೇಳಿಸಿ, ಒಂದೇ ಕಡೆ ಇಟ್ಟು, ಅದನ್ನೂ ಕಳೆದು, ಈಗ 'ಕರ್ತವ್ಯಲೋಪ'ಕ್ಕೆ ವಿವರಣೆ ಕೇಳಿ ನನಗೇ ನೋಟಿಸ್ ಕಳಿಸಿದ್ದೀರಿ. ಆ ವಿವರಣೆಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದಂತೆ. ಓದಿ ಮೊದಲು ನಗು ಬಂತು, ಆಮೇಲೆ ಅಳು ಬಂತು. ನಿಮ್ಮ ಟಪಾಲು ವಿಭಾಗಕ್ಕೆ ಕೊಡುವ ಬದಲು ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಇಲ್ಲಿ ಪ್ರತಿಗಳು ಸಾವಿರಾರು, ಒಂದೊಂದೂ ಬೇರೆ ಬೇರೆ ಕಾಗದದ ಮೇಲೆ ಇರುತ್ತವೆ.

ನಾನು ನಿಮ್ಮ ಘಟಕದ ಗುತ್ತಿಗೆ ತಾಂತ್ರಿಕ ಸಹಾಯಕಿ, ಆರು ವರ್ಷದಿಂದ. ಹಳ್ಳಿ ಶಾಲೆಗಳಲ್ಲಿ ಮಕ್ಕಳ ಹೆಸರು, ಹುಟ್ಟಿದ ದಿನ ಬರೆದಿಟ್ಟ ಹಳೆಯ ದಾಖಲಾತಿ ವಹಿಗಳನ್ನು ಸ್ಕ್ಯಾನ್ ಮಾಡಿ ಕಾಪಾಡುವುದು ನಮ್ಮ ಕೆಲಸ. ಎರಡು ವರ್ಷದ ಹಿಂದೆ ಚಿತ್ರದುರ್ಗದ ಕಚೇರಿಗೆ ಹೊಸ ಬ್ಯಾಕಪ್ ಯಂತ್ರ ಬಂತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕೇಂದ್ರಗಳ ಕಂಪ್ಯೂಟರುಗಳಿಗೆ ಅದಕ್ಕೆ ಜೋಡಿಸುವ ಪ್ಲಗ್-ಇನ್ ಎಂಬ ಸಣ್ಣ ತಂತ್ರಾಂಶ ಹಾಕಲು ನನ್ನನ್ನೇ ಕಳಿಸಿದಿರಿ. ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಊರೂರು ಅಲೆದೆ. ಹೊಸದುರ್ಗದಲ್ಲಿ ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್ ಜಪ್ಪಯ್ಯ ಎಂದರೂ ಬಿಡಲಿಲ್ಲ, ಎರಡು ದಿನ ಅಲ್ಲೇ ಕೂತೆ. ಪ್ಲಗ್-ಇನ್ ಕೂತ ಮೇಲೆ ಕಂಪ್ಯೂಟರಿನಲ್ಲಿ ಒಂದು ಹೊಸ ಫೋಲ್ಡರ್ ಕಾಣುತ್ತದೆ. ನೋಡಲು ಎಲ್ಲ ಫೋಲ್ಡರಿನಂತೆಯೇ ಇರುತ್ತದೆ, ಆದರೆ ಅದಕ್ಕೆ ಹಾಕಿದ್ದು ನೆಟ್‌ವರ್ಕ್ ಮೂಲಕ ಚಿತ್ರದುರ್ಗದ ಯಂತ್ರಕ್ಕೆ ಹೋಗುತ್ತದೆ, ಕೇಂದ್ರದಲ್ಲಿ ಏನೂ ಉಳಿಯುವುದಿಲ್ಲ. ಆ ಯಂತ್ರ ಜಾಣ. ಬಂದ ಫೈಲನ್ನು ಚೂರು ಮಾಡಿ, ತನ್ನಲ್ಲಿ ಈಗಾಗಲೇ ಇರುವ ಚೂರನ್ನು ಮತ್ತೆ ಇಟ್ಟುಕೊಳ್ಳುವುದಿಲ್ಲ, 'ಇದು ನನ್ನ ಹತ್ತಿರ ಇದೆ' ಎಂದು ಗುರುತು ಮಾತ್ರ ಹಾಕಿಕೊಳ್ಳುತ್ತದೆ. ಜಾಗ ಉಳಿಸಲೆಂದೇ ಅದನ್ನು ಹಾಗೆ ಮಾಡಿದ್ದಾರೆ, ಅದರಲ್ಲಿ ಯಂತ್ರದ ತಪ್ಪೇನೂ ಇಲ್ಲ.

ತಪ್ಪು ಶುರುವಾದದ್ದು ನಿಮ್ಮ ಸುತ್ತೋಲೆಯಿಂದ. ಸರ್ಕಾರಿ ಕಡತ ಎಂದ ಮೇಲೆ ಮೂರು ಪ್ರತಿ ಇರಲೇಬೇಕಲ್ಲ? 'ಅಸಲು', 'ನಕಲು', 'ಕಚೇರಿ ಪ್ರತಿ' ಎಂದು ಮೂರು ಫೋಲ್ಡರ್ ಮಾಡಿ, ಪ್ರತಿ ವಹಿಯನ್ನೂ ಮೂರರಲ್ಲೂ ಹಾಕತಕ್ಕದ್ದು ಎಂದು ಆದೇಶಿಸಿದಿರಿ. ಹೊಳಲ್ಕೆರೆ ಕೇಂದ್ರದ ಆಪರೇಟರ್ ಬೀರೇಶ್ ಮೊದಲ ದಿನವೇ ಫೋನ್ ಮಾಡಿದ.

"ಅಕ್ಕಾ, ಮಿಷನ್ನು ಭಾರಿ ಜೋರೈತೆ! ಮೊದಲ್ನೇ ಕಾಪಿಗೆ ಐದು ನಿಮಿಷ ತಗಂತು. ಎರಡ್ನೇದು, ಮೂರ್ನೇದು ಕಣ್ಣು ಮುಚ್ಚಿ ತೆಗ್ಯಾದ್ರಾಗೆ ಹೋಗ್ಬಿಟ್ವು."

ಜೋರಿರಲಿಲ್ಲ ಮಾನ್ಯರೇ, ಹೋಗಲು ಏನೂ ಇರಲಿಲ್ಲ. ಒಂದೇ ಮನೆಗೆ ಮೂರು ಬಾಗಿಲು ಇಟ್ಟಿದ್ದೆವು ಅಷ್ಟೆ. ಮರುದಿನವೇ ನಿಮ್ಮ ಕೊಠಡಿಗೆ ಬಂದು ಹೇಳಿದೆ: ಸರ್, ಪರದೆಯ ಮೇಲೆ ಮೂರು, ಒಳಗೆ ಇರುವುದು ಒಂದೇ. ಈ ಯಂತ್ರ ಕೆಟ್ಟರೆ ಮೂರೂ ಒಟ್ಟಿಗೆ ಹೋಗುತ್ತವೆ, ಬೇರೆ ಊರಿನಲ್ಲಿ ಎರಡನೇ ಯಂತ್ರ ಇಡಲೇಬೇಕು. ಬರೆದೂ ಕೊಟ್ಟೆ. ನೀವು ಕನ್ನಡಕ ತೆಗೆದು ನಕ್ಕು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

"ಪರದೆ ಮೇಲೆ ಮೂರು ಕಾಣ್ತವಲ್ಲಮ್ಮ, ವರದಿಗೆ ಅಷ್ಟು ಸಾಕು. ಎರಡನೇ ಮಿಷನ್ನೂ ಬರ್ತೈತೆ. ನಾನಿದ್ದೀನಲ್ಲ, ನಿಂಗ್ಯಾಕೆ ಚಿಂತೆ?"

ಆ 'ನಾನಿದ್ದೀನಲ್ಲ' ಎಂಬುದನ್ನು ನಂಬಿದೆ. ನೀವು ಕೂಗಾಡುವ ಅಧಿಕಾರಿಯಲ್ಲ, ನನ್ನ ತಾಯಿಯ ಆಪರೇಷನ್ ದಿನ ಕೇಳದೆಯೇ ರಜೆ ಕೊಟ್ಟವರು. ನಾಲ್ಕು ತಿಂಗಳ ನಂತರ ನನ್ನನ್ನು ಕರೆದು, ಎರಡನೇ ಯಂತ್ರ ಹಿರಿಯೂರಿಗೆ ಬಂದು ಓಡುತ್ತಿದೆ, ಇನ್ನು ಗೆದ್ದಲು ಹಿಡಿದ ವಹಿಗಳನ್ನು ಶಾಲೆಗಳಿಂದ ತಂದು ಸ್ಕ್ಯಾನ್ ಆದ ಮೇಲೆ ವಿಲೇವಾರಿ ಮಾಡಿ ಎಂದಿರಿ. ಹಿರಿಯೂರಿಗೆ ಹೋಗಿ ಕಣ್ಣಾರೆ ನೋಡಿ ಬರಬೇಕೆಂದು ನನಗೆ ಹೊಳೆಯಲಿಲ್ಲ. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ನಿಮ್ಮ ನೋಟಿಸಿನಲ್ಲಿ ಈ ತಪ್ಪಿನ ಪ್ರಸ್ತಾಪವೇ ಇಲ್ಲ, ಏಕೆಂದರೆ ಇದನ್ನು ಬರೆದರೆ ನೀವು ಹೇಳಿದ ಸುಳ್ಳನ್ನೂ ಬರೆಯಬೇಕಾಗುತ್ತದೆ.

ಹಿರೇಗುಂಟನೂರಿನ ಶಾಲೆಗೆ ನಾನೇ ಹೋದೆ. ಮುಖ್ಯ ಶಿಕ್ಷಕ ಶಿವಕುಮಾರಪ್ಪನವರು ವಹಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಇಟ್ಟಿದ್ದರು. ಕೊಡಲು ಕೈ ಬರಲಿಲ್ಲ ಅವರಿಗೆ.

"ಮೇಡಂ, ಇದಕ್ಕೆ ಇನ್ನೊಂದು ಜೋಡಿ ಇಲ್ಲ. ಇದು ಹೋದ್ರೆ ಊರಾಗಿನ ಅರ್ಧ ಜನಕ್ಕೆ ವಯಸ್ಸೇ ಇಲ್ದಂಗಾಗ್ತೈತೆ ನೋಡ್ರಿ."

"ಮೂರು ಕಡೆ ಇರ್ತೈತೆ ಸರ್, ಅದೂ ಎರಡು ಊರಾಗೆ. ಹೆದರ್ಕಬ್ಯಾಡ್ರಿ," ಎಂದು ನಿಮ್ಮ ಸುತ್ತೋಲೆಯ ಲೆಕ್ಕವನ್ನೇ ಒಪ್ಪಿಸಿದೆ ನಾನು. ಅವರು ಚಹಾ ತರಿಸಿಕೊಟ್ಟು ವಹಿಯನ್ನೂ ಕೊಟ್ಟರು. ಸ್ಕ್ಯಾನ್ ಆದ ಮೇಲೆ ನಿಮ್ಮ ಆದೇಶದಂತೆ ಅದನ್ನೂ ವಿಲೇವಾರಿ ಮಾಡಿದೆವು.

ಕಳೆದ ತಿಂಗಳು ಕಚೇರಿಯ ಮೇಲಿನ ನೀರಿನ ಟ್ಯಾಂಕ್ ಒಡೆದು ಚಿತ್ರದುರ್ಗದ ಯಂತ್ರದೊಳಗೆ ನೀರು ನುಗ್ಗಿತು. ರಿಪೇರಿಗೆ ಬಂದವರು ಮೂರು ದಿನ ಹೆಣಗಿ, ಇದರಿಂದ ಏನೂ ಹೊರಡುವುದಿಲ್ಲ ಎಂದು ಕೈಚೆಲ್ಲಿದರು. ನನಗೆ ಆಗಲೂ ಭಯವಾಗಲಿಲ್ಲ ಗೊತ್ತೇ? ಹಿರಿಯೂರಿನದನ್ನು ಇಳಿಸಿಕೊಂಡರಾಯಿತು ಎಂದು ಬೆಳಗಿನ ಬಸ್ಸಿಗೇ ಹೊರಟೆ. ಅಲ್ಲಿ ಯಂತ್ರವೇನೋ ಇತ್ತು, ರಟ್ಟಿನ ಪೆಟ್ಟಿಗೆಯೊಳಗೆ. ಅಂಟುಪಟ್ಟಿ ಸಹ ಕಿತ್ತಿರಲಿಲ್ಲ. ಪೆಟ್ಟಿಗೆಗೆ ಮೂರು ಬೆರಳಿನ ವಿಭೂತಿ, ಕುಂಕುಮ, ಮೇಲೆ ಒಣಗಿದ ಚೆಂಡುಹೂವಿನ ಹಾರ. ಅಟೆಂಡರ್ ತಿಪ್ಪಯ್ಯನವರನ್ನು ಕೇಳಿದೆ.

"ಇದನ್ನ ಯಾಕೆ ಬಿಚ್ಚಿಲ್ಲ ತಿಪ್ಪಯ್ಯಣ್ಣ?"

"ಉದ್ಘಾಟನೆಗೆ ದೊಡ್ಡೋರ ಡೇಟ್ ಸಿಗೋಗಂಟ ಬಿಚ್ಚಬ್ಯಾಡ ಅಂದವ್ರೆ ಸಾಹೇಬ್ರು. ಆಯುಧ ಪೂಜೆ ಬಂತಲ್ಲಮ್ಮ, ಸುಮ್ನೆ ಬಿಡಾಕಾಗ್ತೈತಾ? ಪೆಟ್ಟಿಗೆಗೇ ಪೂಜೆ ಮಾಡಿ ಕುಂಬಳಕಾಯಿ ಒಡೆದ್ವಿ."

ಆ ಪೆಟ್ಟಿಗೆಯ ಪಕ್ಕದಲ್ಲೇ ನೆಲದ ಮೇಲೆ ಕೂತೆ. ತಿಪ್ಪಯ್ಯ ಪಾಪ, ಬಿಸಿಲಿಗೆ ತಲೆ ಸುತ್ತಿತೇನೋ ಎಂದು ನೀರು ತಂದುಕೊಟ್ಟರು. ಹೇಳಿ ಮಾನ್ಯರೇ, ಯಾವ ದೊಡ್ಡವರು ಬಂದು ಕತ್ತರಿ ಹಿಡಿದರೆ ಆ ಯಂತ್ರಕ್ಕೆ ಜೀವ ಬರುತ್ತಿತ್ತು? ಅರ್ಧ ದಿನದ ಕೆಲಸ ಅದು. ನನಗೊಂದು ಮಾತು ಹೇಳಿದ್ದರೆ ಸಂಜೆಯೊಳಗೆ ಜೋಡಿಸಿ, ಕೊನೆಯ ಬಸ್ಸಿಗೆ ವಾಪಸ್ ಬರುತ್ತಿದ್ದೆ. ಅದು ಓಡುತ್ತಿದೆ ಎಂದು ಹೇಳುವಾಗ ನನ್ನ ಮುಖ ನೋಡಿಯೇ ಹೇಳಿದ್ದಿರಲ್ಲ, ಹೇಗಾಯಿತು ನಿಮ್ಮಿಂದ?

ನನ್ನ ಕೆಲಸ ಹೋದರೆ ಹೋಗಲಿ. ಕಂಪ್ಯೂಟರ್ ರಿಪೇರಿಗೆ ಆಳು ಬೇಕಾದ ಅಂಗಡಿಗಳು ದುರ್ಗದಲ್ಲಿ ಬೇಕಾದಷ್ಟಿವೆ. ಆದರೆ ಹಿರೇಗುಂಟನೂರಿನ ಮಂಗಳಾ ಹನ್ನೊಂದು ವರ್ಷ ಅಂಗನವಾಡಿ ಸಹಾಯಕಿಯಾಗಿ ದುಡಿದವಳು. ಈಗ ಅದೇ ಕೇಂದ್ರದ ಕಾರ್ಯಕರ್ತೆ ಹುದ್ದೆ ಖಾಲಿಯಾಗಿದೆ, ಅವಳಿಗೇ ಸಿಗಬೇಕಾದದ್ದು. ವಯಸ್ಸಿಗೆ ಸಾಕ್ಷಿಯಾಗಬೇಕಾದ ಅವಳ ಶಾಲೆಯ ವರ್ಗಾವಣೆ ಪತ್ರ (ಟಿ.ಸಿ.) ಎಂದೋ ಕಳೆದಿದೆ. ಶಾಲೆಯವರು ಇನ್ನೊಂದು ಕೊಡಬೇಕಾದರೆ ಆ ವಹಿ ನೋಡಿಯೇ ಕೊಡಬೇಕು. ವಹಿ ಇಲ್ಲ. ಆಯ್ಕೆ ಸಮಿತಿಯವರು ದಾರಿಯೊಂದನ್ನು ತೋರಿಸಿದ್ದಾರೆ: 'ವಹಿ ನಮ್ಮ ವಶದಲ್ಲಿದ್ದಾಗ ನಾಶವಾಯಿತು' ಎಂದು ನಿಮ್ಮ ಕಚೇರಿ ಒಂದು ಸಾಲು ಬರೆದುಕೊಟ್ಟರೆ, ವೈದ್ಯರ ವಯಸ್ಸಿನ ಪತ್ರ, ಶಿಕ್ಷಕರ ಹೇಳಿಕೆ ಒಪ್ಪುತ್ತೇವೆ ಎಂದಿದ್ದಾರೆ. ಕೊನೆಯ ದಿನಾಂಕ ಬರುವ ಸೋಮವಾರ. ಅವಳು ನಿಮ್ಮ ಬಾಗಿಲಿಗೆ ನಾಲ್ಕು ಸಲ ಬಂದಳು. 'ವಿಚಾರಣೆ ಬಾಕಿ ಇದೆ' ಎಂದು ನಾಲ್ಕು ಸಲವೂ ವಾಪಸ್ ಕಳಿಸಿದಿರಿ. ಆ ಸಾಲು ಬರೆದರೆ ತಪ್ಪು ಕಚೇರಿಯದಾಗುತ್ತದೆ, ಬರೆಯದಿದ್ದರೆ ನನ್ನ ಮೇಲೆ ಉಳಿಯುತ್ತದೆ, ಇಷ್ಟೇ ತಾನೇ ನಿಮ್ಮ ಲೆಕ್ಕಾಚಾರ?

ನಾಲ್ಕನೇ ಸಲ ವರಾಂಡದಲ್ಲಿ ಸಿಕ್ಕಾಗ ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮೇಷ್ಟ್ರು ಕೊಡಾಕೆ ಹಿಂದೆ ಮುಂದೆ ನೋಡ್ತಿದ್ರಂತೆ. ನೀವು ಹೇಳಿದ್ರಿ ಅಂತ ಕೊಟ್ರಂತಲ್ಲಕ್ಕ," ಎಂದು ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದಳು.

ನನ್ನ ಬೇಡಿಕೆ ಒಂದೇ. ನೋಟಿಸ್ ಹಿಂತೆಗೆದುಕೊಳ್ಳಿ ಎಂದು ಕೇಳುತ್ತಿಲ್ಲ. ಶನಿವಾರದೊಳಗೆ ಆ ಒಂದು ಸಾಲನ್ನು ಬರೆದು, ಕೆಳಗೆ ನಿಮ್ಮ ಸಹಿ ಹಾಕಿ, ಮಂಗಳಾಗೆ ಕೊಡಿ. ತಪ್ಪು ಯಾರದೆಂದು ಅದರಲ್ಲಿ ಬರೆಯಲೇಬೇಕಾದರೆ ನನ್ನ ಹೆಸರು ಬರೆಯಿರಿ, ನಾನು ತಕರಾರು ಎತ್ತುವುದಿಲ್ಲ. ಸಹಿ ಮಾತ್ರ ಮಾಡಿ.

ಇಂತಿ,
ನಿಮ್ಮ ಮಾತನ್ನು ಊರೂರಿಗೆ ಹೊತ್ತು ತಿರುಗಿದವಳು,
ಉಷಾರಾಣಿ
ಗುತ್ತಿಗೆ ತಾಂತ್ರಿಕ ಸಹಾಯಕಿ, ಸದ್ಯಕ್ಕೆ