ಆರಿಸುವ ಮುಂಚೆ ಒಂದು ನಿಮಿಷ

ಮಾರ್ಚ್ 2, ಸೋಮವಾರ

ಆಯಿಲ್ ನೋಡಿದೆ. ಕೂಲಂಟ್ ನೋಡಿದೆ. ಅಣ್ಣನ ಮುಖ ನೋಡಲಿಲ್ಲ. ನೋಡಿದ್ದರೆ ಬೆಳಗ್ಗೆ ಬೆಳಗ್ಗೆಯೇ ಜಗಳ.

ಅಜ್ಜಿಗೆ ಟರ್ಬೊ ಕೂರಿಸುತ್ತೇನೆ ಎಂದು ನಿನ್ನೆ ಹೇಳಿದ್ದೇ ತಪ್ಪಾಯಿತು. ಅಜ್ಜಿ ಅಂದರೆ ನನ್ನ ಹಳೇ ಬಿಳಿ ಕಾರು. ನೀರಿನ ಟ್ಯಾಂಕಿನ ಏರು ಹತ್ತುವಾಗ ಏದುಸಿರು ಬಿಡುತ್ತದೆ, ಅದಕ್ಕೇ ಆ ಹೆಸರು.

"ಅದು ತಾನಾಗೇ ಉಸಿರಾಡೋ ಎಂಜಿನ್ನು," ಅಂದ ಅಣ್ಣ. "ಬಾಯಿಗೆ ಪಂಪು ಇಟ್ಟು ಗಾಳಿ ತುರುಕಿದ್ರೆ ಹೊಟ್ಟೆ ಒಡೆಯುತ್ತೆ. ಪಿಸ್ಟನ್ ಕರಗುತ್ತೆ, ಗ್ಯಾಸ್ಕೆಟ್ ಹಾರುತ್ತೆ. ಇರಲಾರದೆ ಇರುವೆ ಬಿಟ್ಕೊಳ್ಳೋದು ಅಂದ್ರೆ ಇದೇ."

"ಒತ್ತಡ ಕಮ್ಮಿ ಇಡ್ತೀನಿ."

"ಯಾರು ಮಾಡೋದು? ನೀನಾ?"

ಆ "ನೀನಾ" ಇದೆಯಲ್ಲ... ನಮ್ಮ ಗ್ಯಾರೇಜಿನಲ್ಲಿ ನನ್ನ ಪಾಲಿಗೆ ಆಯಿಲ್ ಚೇಂಜು, ಪಂಕ್ಚರು. ಎಂಜಿನ್ ಬಿಚ್ಚುವುದೆಲ್ಲ ಅವನೇ. ಹೇಳಿಬಿಟ್ಟೆ: ಮೇ ಮುಗಿಯುವವರೆಗೆ ಅಜ್ಜಿ ಟರ್ಬೊ ಸಮೇತ ಓಡಿದರೆ ಹಿಂದಿನ ಶೆಡ್ಡು ನನ್ನದು. ನನ್ನದೇ ಬೋರ್ಡು, ನನ್ನದೇ ಕೆಲಸ. ಕೆಟ್ಟರೆ ಸಾಯುವವರೆಗೂ ಪಂಕ್ಚರ್ ಹಾಕಿಕೊಂಡಿರುತ್ತೇನೆ, ತುಟಿ ಬಿಚ್ಚುವುದಿಲ್ಲ.

ಅಣ್ಣ ಶೆಡ್ಡಿನ ಬೀಗದ ಕೈಯನ್ನು ಮೊಳೆಯಿಂದ ತೆಗೆದು ಜೇಬಿಗಿಳಿಸಿದ. "ದಮ್ಮಿದ್ರೆ ಮಾಡು."

ಇದೆ.

ಮಾರ್ಚ್ 19

ದಪ್ಪ ಗ್ಯಾಸ್ಕೆಟ್ ಹಾಕಿದೆ. ದೊಡ್ಡ ಇಂಜೆಕ್ಟರು. ಟೈಮಿಂಗ್ ಸ್ವಲ್ಪ ಹಿಂದಕ್ಕೆ. ಟರ್ಬೊಗೆ ಎಂಜಿನ್ನಿನಿಂದಲೇ ಆಯಿಲ್ ಪೈಪು. ಬೆರಳ ಗೆಣ್ಣುಗಳೆಲ್ಲ ತರಚಿವೆ, ತಟ್ಟೆಗೆ ಕೈ ಹಾಕಿದರೆ ಉರಿ.

ಅಪ್ಪ ಬಂದು ಟರ್ಬೊ ಇಣುಕಿ ನೋಡಿದರು. ಬಸ್ಸು ಓಡಿಸಿ ರಿಟೈರ್ ಆದವರು. ಅವರ ಲೆಕ್ಕದಲ್ಲಿ ಬಸ್ಸು ಬಿಟ್ಟು ಉಳಿದದ್ದೆಲ್ಲ ಆಟದ ಸಾಮಾನು.

"ಬಸವನಹುಳು ಥರ ಇದೆಯಲ್ಲೇ. ಇದು ಎಳೆಯುತ್ತಾ?"

"ಎಳೆಯುತ್ತೆ. ನೀವು ಮುಟ್ಟಬೇಡಿ, ಅಷ್ಟೇ."

"ನಂಗೇನು ಗ್ರಹಚಾರ!"

ಮಾರ್ಚ್ 27

ಹತ್ತಿತು! ಟ್ಯಾಂಕಿನವರೆಗೂ ಮೂರನೇ ಗೇರಿನಲ್ಲೇ... ಅಜ್ಜಿ ಕೋಲು ಬಿಸಾಕಿ ಓಡಿದಳು.

ಒಂದೇ ಕಷ್ಟ, ಕೈ ಚಾಳಿ. ಟ್ಯಾಂಕಿನ ತಿರುವು ಬಂದರೆ ಎಂಜಿನ್ ಆರಿಸಿ, ಮನೆ ಗೇಟಿನವರೆಗೆ ಸದ್ದಿಲ್ಲದೆ ಉರುಳಿ ಬರುವುದು ನಮ್ಮ ಮನೆಯ ವಿದ್ಯೆ. ಅಪ್ಪ ಕಲಿಸಿದ್ದು— "ಇಳಿಜಾರಲ್ಲಿ ಎಂಜಿನ್ ಯಾಕೆ ದುಡೀಬೇಕು?" ಟರ್ಬೊ ಇದ್ದರೆ ಆ ಆಟ ನಡೆಯದು. ಏರು ಹತ್ತಿ ಕೆಂಡವಾಗಿರುತ್ತದೆ. ಆಗ ಎಂಜಿನ್ ಆರಿಸಿದರೆ ಆಯಿಲ್ ಓಡಾಟ ನಿಂತು, ಒಳಗಿದ್ದದ್ದು ಸೀದು ಕರಕಲಾಗುತ್ತದೆ. ಇಳಿಯುವಾಗಲೂ ಎಂಜಿನ್ ಓಡಬೇಕು, ಗೇಟಿನಲ್ಲಿ ನಿಂತ ಮೇಲೂ ಒಂದು ನಿಮಿಷ ಸುಮ್ಮನೆ ಓಡಬೇಕು. ಇವತ್ತು ನನ್ನ ಕೈ ತಾನಾಗಿಯೇ ಕೀಗೆ ಹೋಯಿತು. ಅದಕ್ಕೆ ನಾನೇ ಒಂದು ಏಟು ಕೊಟ್ಟೆ.

ಏಪ್ರಿಲ್ 17, ಶುಕ್ರವಾರ

ಎಂಜಿನ್ ಟಕಟಕ ಬಡಿಯುವ ನಾಕಿಂಗ್ ಇಲ್ಲ. ಹೀಟ್ ಇಲ್ಲ. ಅಣ್ಣ ದಿನಾ ಬಾನೆಟ್ ಎತ್ತಿ ಮೂಸುತ್ತಾನೆ. ಮೂಸಲಿ.

ಸ್ಪೇರ್ ಪಾರ್ಟ್ಸ್ ತರಲು ಸ್ಕೂಟರಿನಲ್ಲಿ ಪೇಟೆಗೆ ಹೋಗಿದ್ದೆ, ಪ್ರತಿ ಶುಕ್ರವಾರದ ಕೆಲಸ. ವಾಪಸ್ ಬಂದು ಅಜ್ಜಿಯಲ್ಲಿ ಕೂತರೆ ಕ್ಲಚ್ಚಿಗೆ ಕಾಲೇ ಎಟುಕಲಿಲ್ಲ. ಸೀಟು ಹಿಂದಕ್ಕೆ ಹೋಗಿದೆ. ಅಣ್ಣನೇ ಇರಬೇಕು, ತಪ್ಪು ಹುಡುಕಲು ಒಳಗೆ ಹೊಕ್ಕಿದ್ದಾನೆ.

ಮೇ 9

ನೀಲಿ ಹೊಗೆ.

ಸ್ಟಾರ್ಟ್ ಮಾಡಿದ್ದೇ ತಡ, ಹಿಂದಿನಿಂದ ಬುಸ್ ಎಂದು ಬಂತು. ಟರ್ಬೊ ಕಿರುಗುಟ್ಟುತ್ತಿದೆ. ಅಣ್ಣ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದ. "ಹೇಳಿದ್ನಾ ಇಲ್ವಾ? ಪಂಕ್ಚರ್ ಒಂದು ಬಂದಿದೆ, ಹೋಗಿ ನೋಡು."

"ಮೇ ಇನ್ನೂ ಮುಗಿದಿಲ್ಲ."

"ಎಂಜಿನ್ ಮುಗೀತಲ್ಲ."

ನೋಡೇ ಬಿಡೋಣ ಎಂದು ಅವನ ಕಣ್ಣೆದುರೇ ಕಂಪ್ರೆಷನ್ ಗೇಜ್ ಹಾಕಿದೆ. ನಾಲ್ಕೂ ಸಿಲಿಂಡರ್ ಸಮ. ಎಂಜಿನ್ ಕಲ್ಲುಗುಂಡು! ಹೋಗಿರುವುದು ಟರ್ಬೊ ಬೇರಿಂಗ್. ಅಣ್ಣ ಬೀಗದ ಕೈ ಇರುವ ಜೇಬು ತಟ್ಟಿಕೊಂಡು ಹೋದ. ಅಳು ಬಂತು. ಸಿಟ್ಟಿನ ಅಳು.

ಮೇ 10

ಬಿಚ್ಚಿದೆ. ಆಯಿಲ್ ಪೈಪಿನ ತುಂಬ ಕರಕಲು. ಬಿಸಿ ಇರುವಾಗಲೇ ಎಂಜಿನ್ ಆರಿಸಿದವರ ಕೆಲಸ. ಒಂದು ಸಲದ್ದಲ್ಲ. ನಾನಾ? ಇಡೀ ದಿನ ನನ್ನ ಕೈಯನ್ನೇ ಕಳ್ಳನನ್ನು ನೋಡಿದ ಹಾಗೆ ನೋಡಿದೆ. ನಾನಲ್ಲ. ಆಮೇಲೆ ಆ ಸೀಟು ನೆನಪಾಯಿತು. ಅಣ್ಣ ನನಗಿಂತ ಕುಳ್ಳ. ಸೀಟು ಹಿಂದಕ್ಕೆ ತಳ್ಳಬೇಕಾದರೆ ಉದ್ದ ಕಾಲು ಬೇಕು.

ಊಟಕ್ಕೆ ಮೂವರೂ ಕೂತಾಗ ಕೇಳಿದೆ. "ಅಪ್ಪಾ, ಟ್ಯಾಂಕಿನ ತಿರುವಲ್ಲಿ ಎಂಜಿನ್ ಆರಿಸ್ತಿದ್ರಾ?"

"ಮತ್ತೆ? ಇಳಿಜಾರಲ್ವೇನೆ?"

ಅಂದಮೇಲೆ ನಾಲಿಗೆ ಕಚ್ಚಿಕೊಂಡರು. ಪ್ರತಿ ಶುಕ್ರವಾರ ನಾನು ಪೇಟೆಗೆ ಹೋದಾಗ, ಅಣ್ಣ ಮಧ್ಯಾಹ್ನದ ನಿದ್ದೆ ಹೊಡೆಯುವಾಗ, ಅಪ್ಪನ ಸವಾರಿ... ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಸದ್ದಿಲ್ಲದೆ ಉರುಳಿ ಬಂದರೆ ಯಾರಿಗೆ ಗೊತ್ತಾಗಬೇಕು?

"ಏನು ಎಳೆಯುತ್ತೆ ಕಣೆ ಅದು! ಬೆನ್ನಿಗೆ ಯಾರೋ ಕೈ ಕೊಟ್ಟು ನೂಕಿದ ಹಾಗೆ!"

ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟೆ. ಅಣ್ಣ ನಗಲಿಲ್ಲ. "ಯಾರು ಕೆಡಿಸಿದ್ರೂ ಕೆಟ್ಟಿದ್ದು ಕೆಟ್ಟಿದ್ದೇ. ನಾಳೆ ಗಿರಾಕಿಗೂ ಇದೇ ಚಾಳಿ ಇದ್ರೆ?"

ಮಾತು ಸರಿಯೇ. ಅದಕ್ಕೇ ಇನ್ನಷ್ಟು ಉರಿಯಿತು. "ಗಾಡಿ ಕೊಡೋ ಮುಂಚೆ ಆರಿಸೋದು ಕಲಿಸ್ತೀನಿ. ಅಪ್ಪನಿಂದಲೇ ಶುರು."

"ಅಪ್ಪನಿಗಾ?" ಈಗ ನಕ್ಕ. "ಆಯ್ತು. ಮೂವತ್ತೊಂದಕ್ಕೆ ಅಪ್ಪನೇ ಓಡಿಸ್ಲಿ. ತಿರುವಲ್ಲಿ ಆರಿಸಿದ್ರೆ ನೀನು ಸೋತೆ."

ಮೇ 24

ಹೊಸ ಬೇರಿಂಗು, ಹೊಸ ಪೈಪು. ಹಳೇ ಅಪ್ಪ.

ತಿರುವು ಬಂದರೆ ಸಾಕು, ಕೈ ಕೀಗೆ. ಪಟ್ ಎಂದು ಕೊಡುತ್ತೇನೆ.

"ಹೆತ್ತ ಅಪ್ಪನಿಗೆ ಹೊಡೀತೀಯೇನೆ?"

"ಅಜ್ಜಿ ತಂಟೆಗೆ ಬಂದ್ರೆ ಹೊಡೀತೀನಿ."

ಇವತ್ತೂ ಎರಡು ಸಲ ಆರಿಸಿದರು. ನಾನು ಸೋಲಲ್ಲ. ಇವರು ಸೋಲಿಸುತ್ತಾರೇನೋ.

ಮೇ 31, ಭಾನುವಾರ, ಸಂಜೆ

ಹಿಂದಿನ ಸೀಟಿನಲ್ಲೇ ಕೂತು ಗೀಚುತ್ತಿದ್ದೇನೆ. ಗೇಟಿಗೆ ಬಂದಾಯಿತು. ಎಂಜಿನ್ ಓಡುತ್ತಿದೆ.

ಏರಿನುದ್ದಕ್ಕೂ ಅಣ್ಣ ಬಾಗಿಲ ಹಿಡಿ ಬಿಡಲಿಲ್ಲ. ತಿರುವಿನಲ್ಲಿ ಅಪ್ಪನ ಕೈ ಎದ್ದಿತು— ತಲೆ ಕೆರೆದುಕೊಂಡು ಸ್ಟಿಯರಿಂಗಿಗೆ ವಾಪಸ್ ಹೋಯಿತು. ಹೊಗೆ ಇಲ್ಲ. ಕಿರುಗುಟ್ಟಲಿಲ್ಲ.

"ಬಂತಲ್ಲ, ಆರ್ಸಿ ಇನ್ನ," ಎಂದು ಅಣ್ಣ ತಾನೇ ಕೀಗೆ ಕೈ ಹಾಕಿದ. ಅಪ್ಪ ಆ ಕೈಗೆ ಪಟ್ ಎಂದು ಒಂದು ಬಿಟ್ಟರು.

"ಮುಟ್ಬೇಡ. ಅವಳು ಹೇಳೋವರೆಗೂ ಆರಿಸಲ್ಲ."

ನಿಮಿಷ ಯಾವಾಗಲೋ ಮುಗಿಯಿತು. ಇಬ್ಬರೂ ತಿರುಗಿ ನನ್ನನ್ನೇ ನೋಡುತ್ತಿದ್ದಾರೆ. ಹೇಳಲ್ಲ. ಪೆಟ್ರೋಲ್ ಉರಿದರೆ ಉರಿಯಲಿ. ಬೀಗದ ಕೈ ಇನ್ನೂ ಅಣ್ಣನ ಜೇಬಿನಲ್ಲೇ ಇದೆ. ಮೊದಲು ಅದು ಹೊರಗೆ ಬರಲಿ, ಆಮೇಲೆ—